ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತು ಓದುವುದು ಹೇಗೆ

ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಬರುವುದು ಒಂದು ಕುರ್ಚಿ, ಒಂದು ಮೇಜು ಮತ್ತು ಒಂದಿಷ್ಟು ಮೌನಕ್ಕಾಗಿ. ತಮ್ಮದೇ ನೋಟ್ಸುಗಳನ್ನು ಮೇಜಿನ ಮೇಲೆ ಹರಡಿಕೊಂಡು, ಸುತ್ತಲಿನ ಕಪಾಟುಗಳತ್ತ ಒಮ್ಮೆಯೂ ಕಣ್ಣು ಹಾಯಿಸದೆ, ಸಂಜೆ ಎದ್ದು ಹೋಗುತ್ತಾರೆ. ಮೌನವೂ ಬೇಕಾದದ್ದೇ, ಅದರಲ್ಲಿ ತಪ್ಪಿಲ್ಲ. ಆದರೆ ಪದವಿಯ ವರ್ಷಗಳೆಲ್ಲ ಹಾಗೆಯೇ ಕಳೆದುಹೋಗುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಏಕೆಂದರೆ ಕಲಿಕೆಗಾಗಿಯೇ ಆರಿಸಿ ತಂದ ಪುಸ್ತಕಗಳು, ಚಂದಾ ಕಟ್ಟಿ ತರಿಸುವ ನಿಯತಕಾಲಿಕಗಳು, ಅವೆರಡನ್ನೂ ಬಲ್ಲ ಸಿಬ್ಬಂದಿ, ಇವೆಲ್ಲ ಒಂದೇ ಸೂರಿನಡಿ ಸಿಗುವ ಅವಕಾಶ ಓದು ಮುಗಿದ ಮೇಲೆ ಹೆಚ್ಚಿನವರಿಗೆ ಮತ್ತೆ ಒದಗುವುದಿಲ್ಲ. ಗ್ರಂಥಾಲಯವನ್ನು ಕೂರುವ ಜಾಗವಾಗಿ ಮಾತ್ರವಲ್ಲದೆ ಓದಿನ ಸಲಕರಣೆಯಾಗಿಯೂ ಬಳಸುವುದು ಹೇಗೆಂಬುದನ್ನು ಇಲ್ಲಿ ಬರೆದಿದ್ದೇನೆ.

ಹೊರಡುವ ಮುನ್ನ

ಗ್ರಂಥಾಲಯದ ಓದು ಎಷ್ಟೋ ಸಲ ಅಲ್ಲಿಗೆ ತಲುಪುವ ಮೊದಲೇ ಕೆಟ್ಟಿರುತ್ತದೆ. “ನಾಳೆ ಹೋಗಿ ಸಂಖ್ಯಾಶಾಸ್ತ್ರ ಓದಬೇಕು” ಎಂದಷ್ಟೇ ಅಂದುಕೊಂಡು ಹೋದವರಿಗೆ ಎಲ್ಲಿ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ತಿಳಿಯದೆ, ಮೊದಲ ಮುಕ್ಕಾಲು ಗಂಟೆ ಪುಟ ತಿರುವುವುದರಲ್ಲೇ ಹೋಗುತ್ತದೆ. ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ಮರುದಿನದ ಕೆಲಸವನ್ನು ಪ್ರಶ್ನೆಯ ರೂಪದಲ್ಲಿ ಬರೆದುಕೊಳ್ಳಿ. “ಎರಡು ಚಲಕಗಳ ನಡುವೆ ಸಹಸಂಬಂಧವಿದೆ ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಏಕೆ ಹೇಳಲಾಗದು? ನನ್ನದೇ ಮಾತಿನಲ್ಲಿ ವಿವರಣೆ, ಮೂರು ಉದಾಹರಣೆ, ಆರು ಲೆಕ್ಕ.” ಇಷ್ಟು ಬರೆದುಕೊಂಡರೆ ಯಾವ ಪುಸ್ತಕ ಬೇಕು, ಎಷ್ಟು ಹೊತ್ತು ಬೇಕು, ಕೆಲಸ ಮುಗಿಯಿತೆಂದು ತಿಳಿಯುವುದು ಹೇಗೆ ಎಂಬ ಮೂರಕ್ಕೂ ಉತ್ತರ ಸಿಕ್ಕಿರುತ್ತದೆ. ಒಂದು ದಿನಕ್ಕೆ ಇಂಥ ಎರಡು ಪ್ರಶ್ನೆ ಸಾಕು, ಮೂರು ಹೆಚ್ಚು.

ಬಹುತೇಕ ವಿಶ್ವವಿದ್ಯಾಲಯಗಳ ಗ್ರಂಥಾಲಯ ಸೂಚಿಯನ್ನು ಈಗ ಮನೆಯಿಂದಲೇ ನೋಡಬಹುದು. ಬೇಕಾದ ಪುಸ್ತಕ ಒಳಗಿದೆಯೇ, ಎರವಲು ಹೋಗಿದೆಯೇ, ಹೋಗಿದ್ದರೆ ಯಾವ ದಿನ ಹಿಂದಿರುಗಬೇಕು ಎಂಬುದನ್ನೆಲ್ಲ ಅದು ತೋರಿಸುತ್ತದೆ. ಬೇರೆಯವರ ಬಳಿ ಇರುವ ಪುಸ್ತಕವನ್ನು ಕಾಯ್ದಿರಿಸುವ ಸೌಲಭ್ಯ ಇದ್ದೇ ಇರುತ್ತದೆ ಎನ್ನಬಹುದು, ಅದನ್ನು ಬಳಸಿ. ಪುಸ್ತಕ ಕಪಾಟಿನಲ್ಲಿ ಎಲ್ಲಿದೆಯೆಂದು ತಿಳಿಸುವ ಕಾಲ್ ನಂಬರನ್ನು ಅದೇ ಚೀಟಿಯಲ್ಲಿ ಬರೆದುಕೊಂಡರೆ ಬೆಳಿಗ್ಗೆ ನೇರವಾಗಿ ಕಪಾಟಿನ ಮುಂದೆ ನಿಲ್ಲಬಹುದು.

ಮೊದಲ ಸಲ ಹೋಗುವವರಿಗೆ ಒಂದು ಮಾತು: ಆ ದಿನ ಓದಬೇಡಿ. ಒಂದು ಗಂಟೆ ಕಟ್ಟಡವನ್ನು ಸುತ್ತಿ. ಎರವಲು ವಿಭಾಗ, ಪರಾಮರ್ಶನ ವಿಭಾಗ, ನಿಯತಕಾಲಿಕಗಳು, ಮಹಾಪ್ರಬಂಧಗಳು, ಮುದ್ರಣ ಯಂತ್ರ, ಗುಂಪಾಗಿ ಕುಳಿತು ಚರ್ಚಿಸುವ ಕೊಠಡಿ ಇವೆಲ್ಲ ಎಲ್ಲೆಲ್ಲಿವೆ ಎಂದು ನೋಡಿಕೊಳ್ಳಿ. ಎಷ್ಟು ಪುಸ್ತಕ ಎಷ್ಟು ದಿನಕ್ಕೆ ಸಿಗುತ್ತದೆ, ಅವಧಿಯನ್ನು ವಿಸ್ತರಿಸುವುದು ಹೇಗೆ, ಪರೀಕ್ಷೆಯ ದಿನಗಳಲ್ಲಿ ಬಾಗಿಲು ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಹೊರಗಿನಿಂದ ಸಂಶೋಧನಾ ಲೇಖನಗಳ ಡೇಟಾಬೇಸುಗಳಿಗೆ ಲಾಗಿನ್ ಆಗುವುದು ಹೇಗೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೌಂಟರಿನಲ್ಲಿ ಕೇಳಿ ತಿಳಿದುಕೊಳ್ಳಿ.

ಸೂಚಿಯಲ್ಲಿ ಹುಡುಕುವ ಬಗೆ

ಲೇಖಕರ ಹೆಸರೋ ಪುಸ್ತಕದ ಹೆಸರೋ ಗೊತ್ತಿದ್ದರೆ ಹುಡುಕುವುದು ಸುಲಭ. ವಿಷಯ ಮಾತ್ರ ಗೊತ್ತಿದ್ದಾಗಲೇ ಕಷ್ಟ. ನೀವು ಒಂದು ವಿಷಯವನ್ನು ಕರೆಯುವ ಹೆಸರು ಬೇರೆ, ಸೂಚಿ ಸಿದ್ಧಪಡಿಸಿದವರು ಅದಕ್ಕೆ ಕೊಟ್ಟ ಶೀರ್ಷಿಕೆ ಬೇರೆ ಇರಬಹುದು. ಇದಕ್ಕೆ ಒಂದು ಸರಳ ದಾರಿ ಇದೆ. ತಿಳಿದ ಪದ ಹಾಕಿ ಹುಡುಕಿ, ಬಂದ ಪಟ್ಟಿಯಲ್ಲಿ ನಿಮ್ಮ ಕೆಲಸಕ್ಕೆ ನಿಜವಾಗಿ ಒದಗುವ ಒಂದೇ ಒಂದು ಪುಸ್ತಕವನ್ನು ಆರಿಸಿ, ಅದರ ಪೂರ್ಣ ವಿವರದ ಪುಟವನ್ನು ತೆರೆಯಿರಿ. ಅಲ್ಲಿ ‘ವಿಷಯ’ ಎಂಬ ಸಾಲಿನಲ್ಲಿ ಗ್ರಂಥಾಲಯ ಬಳಸುವ ಅಧಿಕೃತ ಪದಗಳಿರುತ್ತವೆ. ಆ ಪದವನ್ನು ಒತ್ತಿದರೆ ಅದೇ ವಿಷಯದ ಉಳಿದ ಪುಸ್ತಕಗಳು, ಅವುಗಳ ಹೆಸರಿನಲ್ಲಿ ನೀವು ಹುಡುಕಿದ ಪದ ಇಲ್ಲದಿದ್ದರೂ, ಒಟ್ಟಾಗಿ ಬರುತ್ತವೆ.

ಉಳಿದ ಉಪಾಯಗಳನ್ನು ಬೇಗ ಹೇಳಿಬಿಡಬಹುದು. ಎರಡು ಮೂರು ಪದಗಳು ಅದೇ ಕ್ರಮದಲ್ಲಿ ಬೇಕಿದ್ದರೆ ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. ಪದಗಳ ನಡುವೆ ‘ಆ್ಯಂಡ್’ ಹಾಕಿದರೆ ಫಲಿತಾಂಶ ಕಡಿಮೆಯಾಗುತ್ತದೆ, ‘ಆರ್’ ಹಾಕಿದರೆ ಹೆಚ್ಚುತ್ತದೆ, ‘ನಾಟ್’ ಹಾಕಿದರೆ ಬೇಡದ್ದು ಹೊರಗುಳಿಯುತ್ತದೆ. ‘ನಾಟ್’ ಬಳಸುವಾಗ ಎಚ್ಚರವಿರಲಿ. ಬೇಡದ ಪದದ ಜೊತೆಗೆ ಬೇಕಾದ ಒಳ್ಳೆಯ ಪುಸ್ತಕವೂ ಹೊರಗೆ ಹೋಗಿಬಿಡಬಹುದು. ಪದದ ಮೂಲಭಾಗವನ್ನಷ್ಟೇ ಬರೆದು ಕೊನೆಯಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಅದರ ಎಲ್ಲ ರೂಪಗಳನ್ನೂ ಅನೇಕ ವ್ಯವಸ್ಥೆಗಳು ಹುಡುಕಿ ಕೊಡುತ್ತವೆ.

ಕಾಲ್ ನಂಬರು ಮತ್ತು ಕಪಾಟು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ “ಸೂಚಿಯಲ್ಲಿ ಇದೆ, ಕಪಾಟಿನಲ್ಲಿ ಇಲ್ಲ” ಎಂದು ಹಿಂದಿರುಗುವವರಲ್ಲಿ ಅನೇಕರು ಪುಸ್ತಕದಿಂದ ಒಂದು ಮಾರು ದೂರದಲ್ಲಿ ನಿಂತು ಹಿಂದಿರುಗಿರುತ್ತಾರೆ. ಪುಸ್ತಕದ ಬೆನ್ನಿನ ಕೆಳಭಾಗದಲ್ಲಿ ಅಂಟಿಸಿದ ಚೀಟಿಯೇ ಅದರ ವಿಳಾಸ. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣದಲ್ಲಿ ಜ್ಞಾನವನ್ನು ಹತ್ತು ವರ್ಗಗಳಾಗಿ ವಿಂಗಡಿಸಿ, ಒಂದೊಂದನ್ನು ಮತ್ತೆ ಹತ್ತು ಹತ್ತಾಗಿ ಒಡೆಯುತ್ತ ಹೋಗಲಾಗಿದೆ. 300 ಸಮಾಜ ವಿಜ್ಞಾನಗಳದು, 500 ಶುದ್ಧ ವಿಜ್ಞಾನಗಳದು, 600 ತಂತ್ರಜ್ಞಾನದ್ದು, 900 ಇತಿಹಾಸ ಮತ್ತು ಭೂಗೋಳದ್ದು. 510 ಗಣಿತ, 530 ಭೌತವಿಜ್ಞಾನ, 540 ರಸಾಯನ ವಿಜ್ಞಾನ. ಸಾಹಿತ್ಯಕ್ಕೆ ಮೀಸಲಾದ 800ರ ವರ್ಗದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814 ಎಂಬುದನ್ನು ಕನ್ನಡದ ಓದುಗರಿಗೆ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ಎಡವುವುದು ಬಿಂದುವಿನ ನಂತರದ ಅಂಕಿಗಳಲ್ಲಿ. ಸಂಖ್ಯಾಶಾಸ್ತ್ರದ ಗಣಿತ 519.5ರಲ್ಲಿದೆ. ಕಪಾಟಿನ ಮುಂದೆ ನಿಂತವರ ಕಣ್ಣಿಗೆ 519.24 ಬೀಳುತ್ತದೆ. ಇಪ್ಪತ್ತನಾಲ್ಕು ಐದಕ್ಕಿಂತ ದೊಡ್ಡದು, ಆದ್ದರಿಂದ 519.5 ಹಿಂದೆಯೇ ಕಳೆದುಹೋಯಿತು ಎಂದುಕೊಂಡು ಅವರು ಎಡಕ್ಕೆ ಹುಡುಕತೊಡಗುತ್ತಾರೆ. ಆದರೆ ಇದು ದಶಮಾಂಶ: .24 ಎಂಬುದು .5ಕ್ಕಿಂತ ಚಿಕ್ಕದು. ಪುಸ್ತಕ ಬಲಕ್ಕಿದೆ. ಬಿಂದುವಿನ ಮುಂದಿನ ಅಂಕಿಗಳನ್ನು ಒಂದೊಂದಾಗಿ, ಪದಕೋಶದಲ್ಲಿ ಅಕ್ಷರಗಳನ್ನು ನೋಡುವಂತೆ ನೋಡುತ್ತ ಹೋಗಬೇಕು. ಮೊದಲು 519.5, ಆಮೇಲೆ 519.53, ಆಮೇಲೆ 519.536, ಅದೂ ಮುಗಿದ ಮೇಲೆ 519.6. ಸಂಖ್ಯೆ ಒಂದೇ ಆಗಿದ್ದರೆ ಅದರ ಕೆಳಗಿನ ಅಕ್ಷರಗಳು, ಅಂದರೆ ಸಾಮಾನ್ಯವಾಗಿ ಲೇಖಕರ ಹೆಸರಿನಿಂದ ತೆಗೆದವು, ಕ್ರಮವನ್ನು ನಿರ್ಧರಿಸುತ್ತವೆ.

ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅನೇಕವು, ವಿಶೇಷವಾಗಿ ಅಮೆರಿಕದಲ್ಲಿ, ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಗ್ರಂಥಾಲಯದ ಪದ್ಧತಿಯನ್ನು ಅನುಸರಿಸುತ್ತವೆ. ಅದರಲ್ಲಿ ಮೊದಲು ಅಕ್ಷರಗಳು ಬರುತ್ತವೆ. ‘ಕ್ಯೂಎ’ ಎಂದರೆ ಗಣಿತ. ಅಕ್ಷರಗಳ ನಂತರದ ಸಂಖ್ಯೆಯನ್ನು ಪೂರ್ಣಸಂಖ್ಯೆಯಾಗಿಯೇ ಓದಬೇಕು, ಆದ್ದರಿಂದ ಅಲ್ಲಿ 9ರ ನಂತರವೇ 76. ಆದರೆ ಅದೇ ಚೀಟಿಯ ಮುಂದಿನ ಸಾಲಿನಲ್ಲಿ ಬಿಂದುವೂ ಅಕ್ಷರವೂ ಸೇರಿ ಬರುವ ಸಂಖ್ಯೆ ಮತ್ತೆ ದಶಮಾಂಶ: ‘ಬಿ25’ ಮೊದಲು, ‘ಬಿ3’ ಆಮೇಲೆ. ಒಂದೇ ಚೀಟಿಯಲ್ಲಿ ಎರಡು ಲೆಕ್ಕ ಇರುವುದರಿಂದ ಇಲ್ಲಿ ತಪ್ಪುವುದು ಇನ್ನೂ ಸುಲಭ.

ಪುಸ್ತಕ ಸಿಕ್ಕ ಮೇಲೆ ತಕ್ಷಣ ಹೊರಡಬೇಡಿ. ಅದರ ಎಡಬಲದ ಹತ್ತು ಹನ್ನೆರಡು ಪುಸ್ತಕಗಳ ಬೆನ್ನನ್ನು ಓದಿ. ಒಂದೇ ವಿಷಯದ ಪುಸ್ತಕಗಳು ಅಕ್ಕಪಕ್ಕ ಬರಬೇಕೆಂಬುದೇ ವರ್ಗೀಕರಣದ ಉದ್ದೇಶವಾದ್ದರಿಂದ, ಹುಡುಕಲು ಹೋದದ್ದಕ್ಕಿಂತ ಸ್ಪಷ್ಟವಾಗಿ ಬರೆದ ಪುಸ್ತಕ ಅದರ ಪಕ್ಕದಲ್ಲೇ ಸಿಗುವುದುಂಟು. ಪಠ್ಯಪುಸ್ತಕದ ಒಂದು ಅಧ್ಯಾಯ ಅರ್ಥವಾಗದೆ ಒದ್ದಾಡುವಾಗ ಅದನ್ನೇ ಐದನೆಯ ಸಲ ಓದುವುದಕ್ಕಿಂತ, ಅದೇ ಕಪಾಟಿನಿಂದ ಬೇರೆ ಇಬ್ಬರು ಲೇಖಕರನ್ನು ತೆಗೆದು, ಅವರು ಅದೇ ವಿಷಯವನ್ನು ಹೇಗೆ ವಿವರಿಸಿದ್ದಾರೆ ಎಂದು ನೋಡುವುದು ಎಷ್ಟೋ ಮೇಲು. ಗ್ರಂಥಾಲಯದಲ್ಲಿ ಕುಳಿತು ಓದುವುದರಿಂದ ಸಿಗುವ ಅತಿ ದೊಡ್ಡ ಲಾಭ ಇದೇ ಎಂದು ನಾನು ನಂಬಿದ್ದೇನೆ. ಆದರೂ ಕಪಾಟನ್ನೊಂದೇ ನಂಬಬಾರದು. ಒಂದೇ ವಿಷಯ ಬೇರೆ ಬೇರೆ ಕಡೆ ಹಂಚಿಹೋಗಿರುತ್ತದೆ. ಡ್ಯೂಯಿ ಪದ್ಧತಿಯಲ್ಲಿ ಸಂಖ್ಯಾಶಾಸ್ತ್ರದ ಗಣಿತ 519.5ರಲ್ಲಿದ್ದರೆ, ಅದನ್ನೇ ಅರ್ಥಶಾಸ್ತ್ರಕ್ಕೆ ಅನ್ವಯಿಸುವ ಇಕನಾಮೆಟ್ರಿಕ್ಸ್ 330.015195ರಲ್ಲಿ, ಬಹುಶಃ ಬೇರೆಯದೇ ಮಹಡಿಯಲ್ಲಿ ಇರುತ್ತದೆ. ಆ ದೂರವನ್ನು ದಾಟಿಸುವುದು ಸೂಚಿ.

ನೋಡಿ ಮುಗಿದ ಪುಸ್ತಕವನ್ನು ನೀವೇ ಕಪಾಟಿಗೆ ಸೇರಿಸಬೇಡಿ. ಮೇಜಿನ ಮೇಲೋ ಅದಕ್ಕೆಂದೇ ಇಟ್ಟ ಟ್ರಾಲಿಯಲ್ಲೋ ಬಿಡಿ. ಎರಡು ಗೇಣು ಆಚೀಚೆ ಇಟ್ಟ ಪುಸ್ತಕ ಮುಂದಿನ ಓದುಗರ ಪಾಲಿಗೆ ಕಳೆದುಹೋದಂತೆಯೇ.

ಜಾಗ ಮತ್ತು ಫೋನು

ಬಾಗಿಲಿಗೆ, ಮೆಟ್ಟಿಲಿಗೆ, ಮುದ್ರಣ ಯಂತ್ರಕ್ಕೆ ಎದುರಾಗಿ ಕೂರಬೇಡಿ. ಓಡಾಡುವವರನ್ನು ಕಣ್ಣು ತಾನಾಗಿಯೇ ಹಿಂಬಾಲಿಸುತ್ತದೆ. ಬೆಳಕು ಪಕ್ಕದಿಂದ ಬೀಳುವ, ಬೇಕಾದ ಕಪಾಟಿಗೆ ಹತ್ತಿರದ ಮೇಜು ಒಳ್ಳೆಯದು. ಬರೆಯುವ ಕೆಲಸಕ್ಕೆ ಸಣ್ಣ ಸದ್ದಿರುವ ಹಜಾರ ಕೆಲವರಿಗೆ ಹಿಡಿಸುತ್ತದೆ, ಕಷ್ಟದ ಓದಿಗೆ ಮೌನದ ವಿಭಾಗವೇ ಬೇಕಾಗುತ್ತದೆ. ಎರಡನ್ನೂ ಒಂದೊಂದು ವಾರ ಪರೀಕ್ಷಿಸಿ ನೋಡಿ. ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟರೆ ಸಾಲದು. ಅದು ಸದ್ದಡಗಿಸಿ ಚೀಲದೊಳಗೆ ಇರಬೇಕು, ಚೀಲ ಕೈಗೆ ಎಟುಕದಷ್ಟು ದೂರವಿರಬೇಕು. ಎದ್ದು ಹೋಗಿ ತೆಗೆಯಬೇಕಾದ ವಸ್ತುವನ್ನು ಸುಮ್ಮಸುಮ್ಮನೆ ಯಾರೂ ತೆಗೆಯುವುದಿಲ್ಲ. ಪುಸ್ತಕ ಇಟ್ಟು ಜಾಗ ಹಿಡಿದು ಗಂಟೆಗಟ್ಟಲೆ ಹೊರಗೆ ಹೋಗುವುದು ಮಾತ್ರ, ವಿಶೇಷವಾಗಿ ಪರೀಕ್ಷೆಯ ವಾರಗಳಲ್ಲಿ, ಜಾಗವಿಲ್ಲದೆ ನಿಂತ ಇನ್ನೊಬ್ಬ ವಿದ್ಯಾರ್ಥಿಗೆ ಮಾಡುವ ಅನ್ಯಾಯ.

ಪುಸ್ತಕವನ್ನು ಓದುವ ಕ್ರಮ

ಗ್ರಂಥಾಲಯದಿಂದ ತೆಗೆದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಲೇಬೇಕೆಂಬ ಕಟ್ಟುಪಾಡಿಲ್ಲ. ಮೊದಲು ಶೀರ್ಷಿಕೆ ಪುಟದ ಹಿಂಬದಿಯನ್ನು ನೋಡಿ, ಪ್ರಕಟವಾದ ವರ್ಷ ಯಾವುದು, ಎಷ್ಟನೆಯ ಆವೃತ್ತಿ ಎಂದು ತಿಳಿದುಕೊಳ್ಳಿ. ಕಾನೂನು, ವೈದ್ಯಕೀಯ, ಕಂಪ್ಯೂಟರ್ ವಿಜ್ಞಾನದಂಥ ವಿಷಯಗಳಲ್ಲಿ ಹಳೆಯ ಆವೃತ್ತಿಯ ಮೇಲೆ ಶ್ರಮ ಹಾಕಿದರೆ ತಪ್ಪನ್ನೇ ಕಲಿತಂತಾಗಬಹುದು. ಆಮೇಲೆ ಪರಿವಿಡಿ, ಮುನ್ನುಡಿ, ಕೊನೆಯಲ್ಲಿರುವ ಪದಸೂಚಿ. ನಿಮ್ಮ ಚೀಟಿಯಲ್ಲಿರುವ ಪ್ರಶ್ನೆಯ ಮುಖ್ಯ ಪದವನ್ನು ಪದಸೂಚಿಯಲ್ಲಿ ಹುಡುಕಿ. ‘ಸಹಸಂಬಂಧ’ದ ಮುಂದೆ ಬಿಡಿ ಪುಟಗಳ ಜೊತೆಗೆ 112–131 ಎಂಬಂತೆ ಒಂದು ಉದ್ದದ ವ್ಯಾಪ್ತಿ ಇದ್ದರೆ, ಲೇಖಕರು ಆ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿರುವುದು ಅಲ್ಲಿಯೇ. ಈ ಕೆಲಸಕ್ಕೆ ಐದು ನಿಮಿಷ ಸಾಕು, ಅದು ಉಳಿಸುವುದು ಒಂದು ಗಂಟೆಯನ್ನು.

ಅಧ್ಯಾಯವನ್ನು ಓದುವಾಗ ಮೊದಲು ಉಪಶೀರ್ಷಿಕೆಗಳ ಮೇಲೆ ಕಣ್ಣಾಡಿಸಿ, ಒಂದೊಂದನ್ನೂ ಪ್ರಶ್ನೆಯಾಗಿ ಬದಲಿಸಿಕೊಂಡು, ಉತ್ತರ ಹುಡುಕುತ್ತ ಓದಿ, ಪುಸ್ತಕ ನೋಡದೆ ಹೇಳಿ, ಮತ್ತೆ ಸರಿನೋಡಿಕೊಳ್ಳುವ ಕ್ರಮವನ್ನು ಅಮೆರಿಕದ ಮನೋವಿಜ್ಞಾನಿ ಫ್ರಾನ್ಸಿಸ್ ರಾಬಿನ್ಸನ್ 1940ರ ದಶಕದಲ್ಲಿಯೇ ವಿವರಿಸಿದ್ದರು. ಈ ಐದರಲ್ಲಿ ವಿದ್ಯಾರ್ಥಿಗಳು ಬಿಟ್ಟುಬಿಡುವುದು ನಾಲ್ಕನೆಯದನ್ನು, ಅಂದರೆ ಪುಸ್ತಕ ಮುಚ್ಚಿ ಹೇಳುವುದನ್ನು. ಬಿಡಬಾರದ್ದೂ ಅದನ್ನೇ.

ಏಕೆ ಎಂಬುದಕ್ಕೆ ಗಟ್ಟಿಯಾದ ಆಧಾರವಿದೆ. ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಮಾತ್ರ ಓದಿ, ಉಳಿದ ಮೂರರಲ್ಲಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷಗಳ ನಂತರ ಕೇಳಿದಾಗ ಬರೀ ಓದಿದವರೇ ಮುಂದಿದ್ದರು: ಅವರಿಗೆ ಶೇ. 83ರಷ್ಟು ನೆನಪಿತ್ತು, ಇವರಿಗೆ ಶೇ. 71ರಷ್ಟು. ಒಂದು ವಾರ ಕಳೆದ ಮೇಲೆ ಲೆಕ್ಕ ತಿರುಗಿಬಿತ್ತು. ಓದಿದವರಲ್ಲಿ ಉಳಿದದ್ದು ಶೇ. 40, ನೆನಪಿನಿಂದ ಬರೆದವರಲ್ಲಿ ಶೇ. 61. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಾಗಿದ್ದದ್ದು ಮತ್ತೆ ಮತ್ತೆ ಓದಿದವರಲ್ಲಿಯೇ. ಪುಟದ ಮೇಲೆ ಕಣ್ಣು ಸರಾಗವಾಗಿ ಓಡಿದಾಗ ವಿಷಯ ತಲೆಗೆ ಹೋಯಿತೆಂದು ಅನ್ನಿಸುತ್ತದೆ. ಆ ಅನ್ನಿಸಿಕೆಯನ್ನು ನಂಬಿ ಪರೀಕ್ಷಾ ಕೊಠಡಿಯಲ್ಲಿ ಪೆನ್ನು ಹಿಡಿದು ಕುಳಿತವರ ಸಂಕಟವನ್ನು ಬಹಳ ಜನ ಬಲ್ಲರು.

ಮೇಜಿನ ಮೇಲೆ ಇದನ್ನು ಮಾಡುವ ರೀತಿ ಹೀಗೆ. ಆರೇಳು ಪುಟ ಓದಿ. ಪುಸ್ತಕವನ್ನು ಮುಚ್ಚಿ, ಬೆರಳನ್ನೂ ಪುಟದೊಳಗೆ ಇಟ್ಟುಕೊಳ್ಳಬೇಡಿ. ಬಿಳಿ ಹಾಳೆಯ ಮೇಲೆ ನೆನಪಿದ್ದದ್ದನ್ನು, ಕ್ರಮ ತಪ್ಪಿದರೂ ಸರಿ, ಪೂರ್ಣ ವಾಕ್ಯಗಳಲ್ಲಿ ಬರೆಯಿರಿ. “ಸಹಸಂಬಂಧ ಎಂದರೆ ಎರಡು ಚಲಕಗಳು ಒಟ್ಟಿಗೆ ಏರಿಳಿಯುವುದು. ಎರಡಕ್ಕೂ ಮೂರನೆಯ ಒಂದು ಕಾರಣ ಇರಬಹುದು. ಕಾರಣ ತಿರುವುಮುರುವಾಗಿಯೂ ಇರಬಹುದು. ಇನ್ನೊಂದು ಇತ್ತು…” ಎಂದು ಪೆನ್ನು ನಿಲ್ಲುತ್ತದೆ. ಆ ನಿಂತ ಕ್ಷಣ ಹಿತವಾಗಿರುವುದಿಲ್ಲ, ಆದರೆ ಅದನ್ನು ತಪ್ಪಿಸಿಕೊಳ್ಳಬೇಡಿ. ಒಂದೆರಡು ನಿಮಿಷ ನಿಜವಾಗಿ ಯೋಚಿಸಿ, ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ಸೇರಿಸಿ. ಮರುದಿನ ನೋಡಬೇಕಾದದ್ದು ಆ ಬೇರೆ ಬಣ್ಣದ ಸಾಲುಗಳನ್ನು ಮಾತ್ರ.

ಮರುದಿನ ಎಂಬ ಮಾತಿಗೂ ಕಾರಣವಿದೆ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ, ಮರೆವು ಮೊದಲ ಕೆಲವು ಗಂಟೆಗಳಲ್ಲಿ ಬಹಳ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ನಡೆಯುತ್ತದೆಂದು ತೋರಿಸಿದರು. ಒಂದೇ ವಿಷಯವನ್ನು ಒಂದೇ ದಿನ ಆರು ಗಂಟೆ ಓದುವುದಕ್ಕಿಂತ, ಮೂರು ದಿನಗಳಲ್ಲಿ ಎರಡೆರಡು ಗಂಟೆಯಂತೆ ಹಂಚಿ ಓದುವುದು ಹೆಚ್ಚು ಕಾಲ ನಿಲ್ಲುತ್ತದೆ.

ಟಿಪ್ಪಣಿ

ಯಾವ ಪುಸ್ತಕದಿಂದ ಟಿಪ್ಪಣಿ ಮಾಡುವುದಿದ್ದರೂ ಮೊದಲು ಹಾಳೆಯ ತಲೆಯಲ್ಲಿ ಲೇಖಕರು, ಶೀರ್ಷಿಕೆ, ಆವೃತ್ತಿ, ಪ್ರಕಾಶಕರು, ವರ್ಷ, ಕಾಲ್ ನಂಬರು ಬರೆಯಿರಿ. ಆಮೇಲೆ ಪ್ರತಿಯೊಂದು ಟಿಪ್ಪಣಿಯ ಎಡಕ್ಕೆ ಪುಟಸಂಖ್ಯೆ. ನನ್ನ ಸ್ನಾತಕೋತ್ತರ ಪ್ರಬಂಧದ ಕೊನೆಯ ವಾರದಲ್ಲಿ, ಇಡೀ ವಾದಕ್ಕೆ ಆಧಾರವಾಗಿದ್ದ ಒಂದು ವಾಕ್ಯದ ಮುಂದೆ ಪುಟಸಂಖ್ಯೆ ಇರಲಿಲ್ಲ. ಪುಸ್ತಕ ಅಷ್ಟರಲ್ಲಿ ಇನ್ನೊಬ್ಬರ ಬಳಿ ಹೋಗಿತ್ತು. ಅದು ಹಿಂದಿರುಗುವವರೆಗೆ ಕಾದು, ನಾನೂರು ಪುಟಗಳನ್ನು ತಿರುವಿ ಆ ವಾಕ್ಯವನ್ನು ಹುಡುಕಿದೆ. ಬರೆಯುವಾಗ ಮೂರು ಅಂಕಿ ಬರೆದಿದ್ದರೆ ಸಾಕಿತ್ತು.

ಲೇಖಕರ ಮಾತನ್ನು ಯಥಾವತ್ತಾಗಿ ಇಳಿಸಿಕೊಂಡರೆ ಆಗಲೇ ಉದ್ಧರಣ ಚಿಹ್ನೆ ಹಾಕಿ. ನಿಮ್ಮ ಮಾತಿನಲ್ಲಿ ಸಂಗ್ರಹಿಸಿದ್ದಕ್ಕೆ ‘ಸಂ’ ಎಂದೋ, ನಿಮಗೆ ಹೊಳೆದ ಯೋಚನೆಗೆ ‘ನನ್ನದು’ ಎಂದೋ ಗುರುತು ಮಾಡಿ. ಎರಡು ತಿಂಗಳ ನಂತರ ಈ ಮೂರೂ ಒಂದೇ ಕೈಬರಹದಲ್ಲಿ ಕಲೆತುಹೋಗಿ, ಯಾವುದು ಯಾರದೆಂದು ನಿಮಗೇ ತಿಳಿಯುವುದಿಲ್ಲ. ಕೃತಿಚೌರ್ಯದ ಆರೋಪಕ್ಕೆ ಸಿಕ್ಕಿಬೀಳುವ ಪ್ರಾಮಾಣಿಕ ವಿದ್ಯಾರ್ಥಿಗಳಲ್ಲಿ ಕೆಲವರು ಎಡವುವುದು ಇಲ್ಲಿಯೇ. ಆಕರಗಳು ಇಪ್ಪತ್ತು ದಾಟಿದರೆ ಝೊಟೆರೊದಂಥ ತಂತ್ರಾಂಶ ಬಳಸುವುದು ಒಳ್ಳೆಯದು. 2006ರಿಂದ ಉಚಿತವಾಗಿ ಸಿಗುತ್ತಿರುವ ಅದು ಆಕರಗಳ ವಿವರಗಳನ್ನು ಸಂಗ್ರಹಿಸಿಟ್ಟು, ಕೇಳಿದ ಶೈಲಿಯಲ್ಲಿ ಗ್ರಂಥಸೂಚಿಯನ್ನು ಸಿದ್ಧಪಡಿಸಿ ಕೊಡುತ್ತದೆ. ಆದರೂ ಅದು ಕೊಟ್ಟದ್ದನ್ನು ಒಮ್ಮೆ ಪರಿಶೀಲಿಸಲೇಬೇಕು.

ಗ್ರಂಥಾಲಯದ ಪುಸ್ತಕದಲ್ಲಿ ಗೆರೆ ಎಳೆಯಬೇಡಿ, ಪೆನ್ಸಿಲಿನಿಂದಲೂ ಬೇಡ. ಪುಟದ ಫೋಟೊ ತೆಗೆದುಕೊಳ್ಳುವ ಬಗ್ಗೆಯೂ ಒಂದು ಮಾತು: ಹಕ್ಕುಸ್ವಾಮ್ಯದ ಮಿತಿಯೊಳಗೆ ಅದು ಅನುಕೂಲವೇ, ಆದರೆ ತೆಗೆದ ಫೋಟೊವನ್ನು ಅದೇ ದಿನ ಟಿಪ್ಪಣಿಯಾಗಿ ಪರಿವರ್ತಿಸದಿದ್ದರೆ ಅದು ಫೋನಿನಲ್ಲಿಯೇ ಉಳಿಯುತ್ತದೆ.

ನಿಯತಕಾಲಿಕಗಳು ಮತ್ತು ಗ್ರಂಥಪಾಲಕರು

ಪದವಿಯ ಕೊನೆಯ ವರ್ಷಗಳಲ್ಲಿ ಪುಸ್ತಕಗಳಷ್ಟೇ ಸಾಲುವುದಿಲ್ಲ, ಸಂಶೋಧನಾ ಲೇಖನಗಳನ್ನೂ ಓದಬೇಕಾಗುತ್ತದೆ. ಹೊಸ ವಿಷಯಕ್ಕೆ ಕೈ ಹಾಕುವಾಗ ಒಂದು ಸಮೀಕ್ಷಾ ಲೇಖನದಿಂದ ಆರಂಭಿಸಿ. ಆ ಕ್ಷೇತ್ರದಲ್ಲಿ ಅದುವರೆಗೆ ನಡೆದ ಕೆಲಸವನ್ನು ಅದು ಒಂದೆಡೆ ತರುತ್ತದೆ. ಅದರ ಆಕರಸೂಚಿ ಹಿಂದಿನ ಲೇಖನಗಳಿಗೆ ದಾರಿ ತೋರಿಸುತ್ತದೆ, ಡೇಟಾಬೇಸಿನಲ್ಲಿರುವ ‘ಇದನ್ನು ಉಲ್ಲೇಖಿಸಿದವು’ ಎಂಬ ಕೊಂಡಿ ಮುಂದಿನವುಗಳಿಗೆ. ಲೇಖನದ ಮೇಲೆ 10 ಎಂದು ಆರಂಭವಾಗುವ ಡಿಒಐ ಸಂಖ್ಯೆ ಇದ್ದರೆ ಬರೆದಿಟ್ಟುಕೊಳ್ಳಿ. ಜಾಲತಾಣದ ವಿಳಾಸ ಬದಲಾದರೂ ಆ ಸಂಖ್ಯೆಯಿಂದ ಲೇಖನವನ್ನು ಮತ್ತೆ ತಲುಪಬಹುದು. ಹಣ ಕೊಡಿ ಎಂದು ಕೇಳುವ ಪುಟ ಎದುರಾದರೆ ಕೊಡಬೇಡಿ. ಆ ಚಂದಾವನ್ನು ಗ್ರಂಥಾಲಯ ಈಗಾಗಲೇ ಕಟ್ಟಿರಬಹುದು. ಗ್ರಂಥಾಲಯದ ಲಾಗಿನ್ ಮೂಲಕ ಹೋಗಿ ನೋಡಿ. ಅಲ್ಲಿಯೂ ಸಿಗದಿದ್ದರೆ, ಬೇರೆ ಗ್ರಂಥಾಲಯದಿಂದ ತರಿಸಿಕೊಡುವ ಅಂತರ್‌ಗ್ರಂಥಾಲಯ ಎರವಲು ಸೇವೆ ಇದೆಯೇ ಎಂದು ವಿಚಾರಿಸಿ. ಅದಕ್ಕೆ ದಿನಗಳು ಹಿಡಿಯುವುದರಿಂದ ಬೇಗನೆ ಕೇಳಬೇಕು.

ಯಾರನ್ನು ಕೇಳಬೇಕು? ಗ್ರಂಥಪಾಲಕರನ್ನು. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಅವುಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕೆಂಬುದು. ಈ ವೃತ್ತಿಗೆ ತರಬೇತಿ ಪಡೆದವರು ಕಲಿತು ಬಂದಿರುವ ಸೂತ್ರವಿದು, ಆದ್ದರಿಂದ ಅವರಿಗೆ ತೊಂದರೆ ಕೊಡುತ್ತಿದ್ದೇವೆ ಎಂಬ ಅಳುಕು ಬೇಡ. ಕೇಳುವ ರೀತಿ ಮಾತ್ರ ಸ್ಪಷ್ಟವಾಗಿರಲಿ. “ಸಂಖ್ಯಾಶಾಸ್ತ್ರದ ಪುಸ್ತಕ ಇದೆಯೇ ಸರ್” ಎಂದರೆ ಅವರು ಕಪಾಟನ್ನು ತೋರಿಸುತ್ತಾರೆ, ಅಷ್ಟೇ. “ಮೇಡಂ, ಸಹಸಂಬಂಧ ಮತ್ತು ಕಾರ್ಯಕಾರಣದ ಬಗ್ಗೆ ಹತ್ತು ಪುಟದ ಪ್ರಬಂಧ ಬರೆಯುತ್ತಿದ್ದೇನೆ. 519.5ರಲ್ಲಿರುವ ಎರಡು ಪಠ್ಯಪುಸ್ತಕಗಳನ್ನು ನೋಡಿದ್ದೇನೆ. ವೈದ್ಯಕೀಯ ಸಂಶೋಧನೆಯಿಂದ ಉದಾಹರಣೆಗಳು ಬೇಕು, ಯಾವ ಡೇಟಾಬೇಸ್ ನೋಡಲಿ?” ಎಂದು ಕೇಳಿ ನೋಡಿ. ಏನು ಬೇಕು, ಏಕೆ ಬೇಕು, ಈಗಾಗಲೇ ಏನು ನೋಡಿದ್ದೀರಿ ಎಂಬ ಮೂರೂ ಅದರಲ್ಲಿವೆ. ನೀವು ಎರಡು ದಿನ ಹುಡುಕಿದರೂ ಸಿಗದದ್ದನ್ನು ಅವರು ಹತ್ತು ನಿಮಿಷದಲ್ಲಿ ಎದುರಿಗಿಡಬಲ್ಲರು.

ಉದ್ದದ ದಿನ ಮತ್ತು ಹೊರಡುವ ಹೊತ್ತು

ಇಡೀ ದಿನ ಕೂರುವುದಿದ್ದರೆ ಕಷ್ಟದ ಪ್ರಶ್ನೆಯನ್ನು ಮೊದಲ ಎರಡು ಗಂಟೆಗೆ ಇಟ್ಟುಕೊಳ್ಳಿ. ಗ್ರಂಥಸೂಚಿ ಸರಿಪಡಿಸುವುದು, ಟಿಪ್ಪಣಿಗಳನ್ನು ಜೋಡಿಸುವುದು ದಣಿವಿನ ಹೊತ್ತಿಗೆ ಇರಲಿ. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ರೂಪಿಸಿದ, 25 ನಿಮಿಷ ಕೆಲಸ ಮಾಡಿ 5 ನಿಮಿಷ ಬಿಡುವು ಪಡೆಯುವ ಕ್ರಮ ಓದಲು ಮನಸ್ಸೇ ಬಾರದ ದಿನಗಳಲ್ಲಿ ಆರಂಭಿಸಲು ನೆರವಾಗುತ್ತದೆ. ಆದರೆ ಒಂದು ಪ್ರಮೇಯದ ಸಾಧನೆಯ ನಡುವೆ ಗಂಟೆ ಬಾರಿಸಿತೆಂದು ಎದ್ದೇಳುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅಂಥ ಓದಿಗೆ ಐವತ್ತು ನಿಮಿಷದ ಅವಧಿಯೇ ಹೊಂದುತ್ತದೆ. ಬಿಡುವಿನಲ್ಲಿ ಫೋನು ನೋಡದೆ ನಡೆದಾಡಿ, ನೀರು ಕುಡಿಯಿರಿ, ಕಿಟಕಿಯಾಚೆಗೆ ದೂರ ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಿ. ರಾತ್ರಿಯಿಡೀ ತೆರೆದಿರುವ ಗ್ರಂಥಾಲಯದಲ್ಲಿ ನಿದ್ದೆಗೆಟ್ಟು ಓದುವುದಕ್ಕೆ ನನ್ನ ಸಮ್ಮತಿಯಿಲ್ಲ, ಓದಿದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ದೆ ಬೇಕೇ ಬೇಕು.

ಪರೀಕ್ಷೆ ಹತ್ತಿರ ಬಂದಾಗ ಎಲ್ಲರಿಗೂ ಬೇಕಾಗುವ ಪಠ್ಯಪುಸ್ತಕಗಳನ್ನು ಅನೇಕ ಗ್ರಂಥಾಲಯಗಳು ಕೆಲವೇ ಗಂಟೆಗಳ ಬಳಕೆಗೆಂದು ಪ್ರತ್ಯೇಕವಾಗಿ ಇಟ್ಟಿರುತ್ತವೆ. ಹಳೆಯ ಪ್ರಶ್ನೆಪತ್ರಿಕೆಗಳೂ ಅಲ್ಲಿ ಸಿಗುವುದುಂಟು. ಅವನ್ನು ಓದಲು ಬಳಸಬೇಡಿ, ಗಡಿಯಾರ ಎದುರಿಗಿಟ್ಟುಕೊಂಡು ಬರೆಯಲು ಬಳಸಿ.

ಬಾಗಿಲು ಮುಚ್ಚುವ ಹತ್ತು ನಿಮಿಷ ಮುಂಚೆ ಓದು ನಿಲ್ಲಿಸಿ. ಬೆಳಗಿನ ಚೀಟಿಯನ್ನು ತೆಗೆದು, ಮುಗಿದ ಪ್ರಶ್ನೆಗೆ ಗೆರೆ ಎಳೆಯಿರಿ. ಮುಗಿಯದಿದ್ದರೆ ಎಲ್ಲಿ ನಿಂತಿತೆಂದು ಪುಟಸಂಖ್ಯೆಯೊಡನೆ ಬರೆಯಿರಿ. ಅದರ ಕೆಳಗೆ ನಾಳೆಯ ಮೊದಲ ಕೆಲಸವನ್ನು ಒಂದೇ ವಾಕ್ಯದಲ್ಲಿ: “ಪುಟ 124, ಮೂರನೆಯ ಕಾರಣವನ್ನು ಪುಸ್ತಕ ನೋಡದೆ ಬರೆಯುವುದು.” ಮೇಜಿನ ಮೇಲಿನ ಪುಸ್ತಕಗಳನ್ನು ಟ್ರಾಲಿಗೆ ಸೇರಿಸಿ, ಮನೆಗೆ ಒಯ್ಯುವುದನ್ನು ಕೌಂಟರಿನಲ್ಲಿ ನಮೂದಿಸಿ, ಹಿಂದಿರುಗಿಸುವ ದಿನಾಂಕವನ್ನು ಅದೇ ಚೀಟಿಯ ಹಿಂಬದಿಯಲ್ಲಿ ಬರೆದುಕೊಳ್ಳಿ.